ಗುಳಿಗೆಗೆ ಮೊಣಕಾಲಿನ ದಾರಿ ಗೊತ್ತಿಲ್ಲ

ಸಿಂಧನೂರು ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ನನ್ನ ತಾಯಿ ಮೊಣಕಾಲಿನ ಬಾವು ಇಳಿಯಲೆಂದು ದಿನಕ್ಕೆರಡು ನೋವಿನ ಗುಳಿಗೆ ನುಂಗುತ್ತಾರೆ. ನೋವು ಮೊಣಕಾಲಿನಲ್ಲಿದೆ ಎಂದು ಗುಳಿಗೆಗೆ ಹೇಗೆ ತಿಳಿಯುತ್ತದೆ? ದಡ್ಡ ಪ್ರಶ್ನೆಯಾದರೆ ಕ್ಷಮಿಸಿ.’

ಉತ್ತರ: ಕ್ಷಮೆ ಕೇಳಬೇಕಾದವರು ಇದನ್ನು ಇದುವರೆಗೆ ನಿಮಗೆ ತಿಳಿಸದ ನಾವು. ಗುಳಿಗೆಗೆ ಏನೂ ತಿಳಿಯುವುದಿಲ್ಲ. ಅದು ರಕ್ತದೊಡನೆ ಮೈಯೆಲ್ಲ ಸುತ್ತುತ್ತದೆ, ಹಾಗೆ ಸುತ್ತುವಾಗ ಮೊಣಕಾಲಿಗೂ ಹೋಗುತ್ತದೆ.

ನೀವು ಬಾವನ್ನು ಶತ್ರುವೆಂದು ಬಗೆದಿರುವಂತಿದೆ. ಅದು ಮೈಯ ದುರಸ್ತಿ ಕೆಲಸ. ಪೆಟ್ಟಾದ ಕೂಡಲೇ ಅಲ್ಲಿ ಕಾವಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತವೆ; ಸಣ್ಣ ರಕ್ತನಾಳಗಳು ಹಿಗ್ಗಿ, ಅವುಗಳ ಗೋಡೆ ಸಡಿಲವಾಗಿ ನೀರು ಜಿನುಗುತ್ತದೆ. ಕೆಂಪು, ಕಾವು, ಊತ ಬರುವುದು ಹೀಗೆ. ಬ್ರಾಡಿಕೈನಿನ್ ಎಂಬ ಇನ್ನೊಂದು ರಾಸಾಯನಿಕ ನರದ ತುದಿಯನ್ನು ಕೆಣಕುತ್ತದೆ. ಜೀವಕೋಶದ ಪೊರೆಯಿಂದ ಬಿಡುಗಡೆಯಾದ ಅರಾಕಿಡೋನಿಕ್ ಆಮ್ಲವೆಂಬ ಕೊಬ್ಬಿನಂಶವನ್ನು ಸೈಕ್ಲೋಆಕ್ಸಿಜನೇಸ್ ಎಂಬ ಕಿಣ್ವವು ಪ್ರೋಸ್ಟಗ್ಲ್ಯಾಂಡಿನ್ ಎಂಬ ಮತ್ತೊಂದು ರಾಸಾಯನಿಕ ಆಗುವ ದಾರಿಗೆ ಹಚ್ಚುತ್ತದೆ. ಈ ಪ್ರೋಸ್ಟಗ್ಲ್ಯಾಂಡಿನ್‌ಗಳು ಅದೇ ನರವನ್ನು ಎಷ್ಟು ಸೂಕ್ಷ್ಮಗೊಳಿಸುತ್ತವೆಂದರೆ ಸೀರೆಯ ನೆರಿಗೆ ತಾಗಿದರೂ ನೋವಾಗುತ್ತದೆ. 1897ರಲ್ಲಿ ಜರ್ಮನಿಯಲ್ಲಿ ತಯಾರಾದ ಆಸ್ಪಿರಿನ್ ಈ ಪ್ರೋಸ್ಟಗ್ಲ್ಯಾಂಡಿನ್ ತಯಾರಿಕೆಯನ್ನೇ ತಡೆಯುತ್ತದೆಂದು ಬ್ರಿಟನ್ನಿನ ವಿಜ್ಞಾನಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಅಲ್ಲಿಯವರೆಗೆ ಜಗತ್ತು ಕಾರಣ ತಿಳಿಯದೆಯೇ ನುಂಗಿತು. ನೋವಿನ ಗುಳಿಗೆಗಳಾದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಇದೇ ಕಿಣ್ವವನ್ನು ಕಟ್ಟಿಹಾಕುತ್ತವೆ.

ಆದರೆ ಜಠರದ ಒಳಪದರವನ್ನು ಆಮ್ಲದಿಂದ ಕಾಯುವುದೂ ಪ್ರೋಸ್ಟಗ್ಲ್ಯಾಂಡಿನ್ನೇ. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡದ ರಕ್ತನಾಳವನ್ನು ತೆರೆದಿಡುವುದೂ ಅದೇ. ಮೊಣಕಾಲಿನಲ್ಲಿ ಅದನ್ನು ನಿಲ್ಲಿಸಿದ ಗುಳಿಗೆ ಅಲ್ಲಿಯೂ ನಿಲ್ಲಿಸುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ, 40 ಡಿಗ್ರಿ ದಾಟಿದ ಬಿಸಿಲಿಗೆ ಹೂಳೆತ್ತುತ್ತ, ಅರ್ಧ ಕೊಡ ನೀರಿನಲ್ಲಿ ಹಗಲು ಕಳೆಯುವ ಹೆಂಗಸಿಗೆ ಈ ಮಾತು ಎಷ್ಟು ಮುಖ್ಯವೆಂದು ನಾನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಇನ್ನೊಂದು ನಂಬಿಕೆಯಿದೆ: ಗುಳಿಗೆಯ ಬದಲು ಅದೇ ಮದ್ದನ್ನು ಸೂಜಿ ಮಾಡಿಸಿಕೊಂಡರೆ ಹೊಟ್ಟೆಗೆ ತೊಂದರೆಯಿಲ್ಲ. ಬೆನ್ನು ನೋವಿಗೆ ವಾರಗಟ್ಟಲೆ ಹಾಗೆಯೇ ಸೂಜಿ ಮಾಡಿಸಿಕೊಂಡ ನಾನು ಕೊನೆಗೆ, ಜಠರದಲ್ಲಿ ರಕ್ತ ಸೋರುವುದರ ಗುರುತಾದ ಕಪ್ಪು ಮಲ ಕಂಡು ಹೆದರಿ ಆಸ್ಪತ್ರೆ ಸೇರಿದೆ. ಔಷಧ ರಕ್ತದಿಂದಲೂ ಜಠರವನ್ನು ಮುಟ್ಟುತ್ತದೆ ಎಂಬುದನ್ನು ಕಲಿತದ್ದು ಆ ಹಾಸಿಗೆಯ ಮೇಲೆ.

ಈ ಗುಳಿಗೆಗಳಿಂದ ಉಪಕಾರವಿಲ್ಲವೆಂದಲ್ಲ. ವೈದ್ಯರು ಅಳೆದು ಕೊಟ್ಟ ನಾಲ್ಕು ದಿನದ ಮದ್ದು ಮನುಷ್ಯನನ್ನು ಎಬ್ಬಿಸಿ ನಿಲ್ಲಿಸುತ್ತದೆ. ನನ್ನ ಸಿಟ್ಟು ಬೇರೆ. ಗುಳಿಗೆ ತಯಾರಿಸುವವರು ಎಚ್ಚರಿಕೆಯನ್ನೆಲ್ಲ ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚು ಹಾಕಿ ಮಡಿಚಿಡುತ್ತಾರೆ. ಬೀಜದ ಚೀಲದ ಮೇಲೆ, ಗೊಬ್ಬರದ ಚೀಲದ ಮೇಲೆ ಕನ್ನಡ ಕಂಡಿದ್ದೇನೆ. ನೋವಿನ ಗುಳಿಗೆಯ ಹಾಳೆಯಲ್ಲಿ ನಾನು ಈವರೆಗೆ ಕಂಡಿಲ್ಲ. ಚೀಲದಲ್ಲಿರುವುದು ಹೊಲಕ್ಕೆ ಹೋಗುತ್ತದೆ, ಗುಳಿಗೆ ಅವ್ವನ ಹೊಟ್ಟೆಗೆ.

ಇಷ್ಟು ಚೆನ್ನಾಗಿ ಕೇಳಬಲ್ಲ ನೀವು ತಾಯಿಯವರು ಗುಳಿಗೆ ನುಂಗತೊಡಗುವ ಮೊದಲೇ ಕೇಳಬೇಕಿತ್ತು. ವೈದ್ಯರ ಬಳಿಗೆ ಅವರನ್ನು ಕರೆದೊಯ್ಯುವಾಗ ಮನೆಯಲ್ಲಿರುವ ಗುಳಿಗೆಯ ಖಾಲಿ ಪಟ್ಟಿಗಳನ್ನೂ ಒಯ್ಯಿರಿ. ಮೂತ್ರಪಿಂಡ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಸುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಬೇಕೇ ಎಂದು ವಿಚಾರಿಸಿರಿ.