ಪ್ರತಿಕ್ರಿಯೆ: ಲಂಡನ್ನಿನ ‘ಲೆ ಮಿಸರಾಬ್ಲ್’ ನೋಡುವಾಗ ಕಥೆಯ ಎಳೆ ತಪ್ಪದಿರಲು

ಕಳೆದ ಸಲ ಈ ಸಂಗೀತ ನಾಟಕ ನೋಡುವಾಗ ಅರ್ಧ ಗಂಟೆಯಲ್ಲೇ ಎಳೆ ತಪ್ಪಿತು, ಈ ಸಲ ಅಮ್ಮನನ್ನೂ ಕರೆದೊಯ್ಯಬೇಕು ಅಂದಿದ್ದೀರಿ. ಕಾರಣ ನಿಮ್ಮ ಇಂಗ್ಲಿಷ್ ಅಲ್ಲ, ಬಹುಶಃ ಇಸವಿಗಳ ಜಿಗಿತ. ಇದರಲ್ಲಿ ಬಿಡಿ ಮಾತು ತೀರಾ ಕಡಿಮೆ, ಕಥೆಯೆಲ್ಲ ಹಾಡಿನಲ್ಲೇ ಸಾಗುತ್ತದೆ. ಒಂದೆರಡು ಸಾಲು ಕಿವಿಗೆ ಬೀಳದಿದ್ದರೆ ಎಂಟು ವರ್ಷ ಕಳೆದದ್ದೇ ಗೊತ್ತಾಗುವುದಿಲ್ಲ.

ಮೊದಲು ಅಮ್ಮನಿಗೆ ಮೂರು ಇಸವಿ ಹೇಳಿಡಿ. 1815: ರೊಟ್ಟಿ ಕದ್ದು ಜೈಲು ಸೇರಿದ್ದ ಕಥಾನಾಯಕ ವಾಲ್ಜಾನ್ 19 ವರ್ಷದ ಮೇಲೆ ಹೊರಬರುತ್ತಾನೆ. 1823: ಅವನೇ ಹೆಸರು ಬದಲಿಸಿಕೊಂಡು ಊರಿನ ಮೇಯರ್. ಹರಕು ಬಟ್ಟೆ ಹೋಗಿ ಒಳ್ಳೆಯ ಕೋಟು ಬಂದಿರುತ್ತದೆ, ಬೇರೆ ಯಾರೋ ಅಂದುಕೊಳ್ಳುವುದು ಇಲ್ಲೇ. 1832: ಪ್ಯಾರಿಸ್ಸಿನ ಜೂನ್ ದಂಗೆ, 1789ರ ಕ್ರಾಂತಿ ಅಲ್ಲ. ವಾಲ್ಜಾನ್ ಸಾಕಿದ ಪುಟ್ಟ ಹುಡುಗಿ ಕೊಸೆಟ್ ಈಗ ದೊಡ್ಡವಳು, ನಟಿಯೂ ಬೇರೆ.

ಆಮೇಲೆ ಟಿಕೆಟ್. ‘ಕ್ಯಾಪ್ಷನ್ಡ್’ ಪ್ರದರ್ಶನ ಇರುವ ದಿನ ಸಿಕ್ಕರೆ ಅದನ್ನೇ ಹಿಡಿಯಿರಿ, ಹಾಡಿನ ಸಾಲುಗಳು ಪರದೆಯಲ್ಲಿ ಬರುತ್ತವೆ. ಅಂಥ ದಿನಗಳು ಕಡಿಮೆ. ಪರದೆ ಯಾವ ಸೀಟಿಗೆ ಕಾಣುತ್ತದೆಂದು ಬಾಕ್ಸ್ ಆಫೀಸಿನಲ್ಲಿ ಕೇಳಿಯೇ ದುಡ್ಡು ಕಟ್ಟಿ. ಇಲ್ಲವಾದರೆ ಡ್ರೆಸ್ ಸರ್ಕಲ್‌ನ (ಮೊದಲ ಬಾಲ್ಕನಿ) ಮುಂದಿನ ಸಾಲು, ನಡುಭಾಗ: ದಂಗೆಕೋರರು ಬೀದಿಗೆ ಅಡ್ಡ ಕಟ್ಟುವ ಬ್ಯಾರಿಕೇಡ್ ಪೂರ್ತಿ ಕಾಣುತ್ತದೆ. ಸ್ಟಾಲ್ಸ್‌ನ (ಕೆಳಗಿನ ನೆಲಮಟ್ಟದ ಸೀಟುಗಳು) ಹಿಂದಿನ ಸಾಲುಗಳಿಗೆ ಮೇಲಿನ ಬಾಲ್ಕನಿ ಅಡ್ಡ ಬಂದು ರಂಗದ ಮೇಲ್ಭಾಗ ಮರೆಯಾಗಬಹುದು. ಮಂಡಿ ನೋವಿದ್ದರೆ ಅಪ್ಪರ್ ಸರ್ಕಲ್ (ಎಲ್ಲಕ್ಕಿಂತ ಮೇಲಿನ ಬಾಲ್ಕನಿ) ಬೇಡವೇ ಬೇಡ, ಮೆಟ್ಟಿಲು ಕಡಿದಾಗಿವೆ.

ಇಂಟರ್ವಲ್ ಸೇರಿ ಹತ್ತಿರ ಹತ್ತಿರ ಮೂರು ಗಂಟೆ. ಇಂಟರ್ವಲ್‌ಗೆ ಮುಂಚಿನ ಭಾಗವೇ ಒಂದು ಗಂಟೆಗೂ ಹೆಚ್ಚು, ಹಾಗಾಗಿ ಶೌಚಾಲಯಕ್ಕೆ ಮೊದಲೇ ಹೋಗಿಬನ್ನಿ. ಗುಂಡಿನ ಸದ್ದು, ಹೊಗೆ ಇವೆಯೆಂದು ಅಮ್ಮನಿಗೆ ಮುಂಚೆಯೇ ತಿಳಿಸಿ. ಅರ್ಧ ಗಂಟೆ ಮೊದಲೇ ತಲುಪಿ. ತಡವಾದರೆ ದೃಶ್ಯದ ನಡುವೆ ಒಳಗೆ ಬಿಡದೆ ಕಾಯಿಸುತ್ತಾರೆ, 1815 ಅಷ್ಟರಲ್ಲಿ ಮುಗಿದಿರುತ್ತದೆ.