ನಾಟಕ ಕಟ್ಟುವುದೂ ಸಂಶೋಧನೆಯಾಗಬಲ್ಲದೇ?

ಪ್ರಶ್ನೆ: ಆನರ್ಸ್ ಪದವಿಗಾಗಿ ಮಾರ್ಗದರ್ಶಕರ ಅಡಿಯಲ್ಲಿ ನಾಟಕವೊಂದನ್ನು ನಿರ್ದೇಶಿಸಿ, ಅದನ್ನೇ ಸಂಶೋಧನೆಯಾಗಿ ಸಲ್ಲಿಸಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?

ಉತ್ತರ: ನಾಟಕದ ಆಯ್ಕೆಗಿಂತ ಮೊದಲು ಪ್ರಶ್ನೆಯ ಆಯ್ಕೆಯಾಗಲಿ. ‘ರಂಗದ ಬೆಳಕು’ ಎಂಬುದು ವಿಷಯವಷ್ಟೇ. ‘ಒಂದೇ ದೀಪದ ಬೆಳಕಿನಲ್ಲಿ ನಟರ ಮಾತಿನ ವೇಗ ಹೇಗೆ ಬದಲಾಗುತ್ತದೆ’ ಎಂಬುದು ತಾಲೀಮಿನಲ್ಲಿ ಪರೀಕ್ಷಿಸಬಹುದಾದ ಪ್ರಶ್ನೆ. ಪ್ರದರ್ಶನವು ಮುಗಿದೊಡನೆ ಕರಗಿಹೋಗುವುದರಿಂದ ದಾಖಲೆಯೇ ನಿಮ್ಮ ಆಧಾರ; ಜರ್ಮನ್ ನಾಟಕಕಾರ ಬ್ರೆಕ್ಟ್ ಮತ್ತು ನಟಿ ಹೆಲೆನ್ ವೈಗೆಲ್ 1949ರಲ್ಲಿ ಕಟ್ಟಿದ ಬರ್ಲಿನರ್ ಎನ್ಸೆಂಬಲ್ ಎಂಬ ನಾಟಕ ತಂಡ ತನ್ನ ಪ್ರಯೋಗಗಳನ್ನು ಛಾಯಾಚಿತ್ರಗಳ ಮಾದರಿ ಪುಸ್ತಕಗಳಲ್ಲಿ ಹಿಡಿದಿಟ್ಟದ್ದು ಇದಕ್ಕಾಗಿಯೇ. ಯಾವ ನಟಿ ಯಾವ ಸಾಲಿನಲ್ಲಿ ಏಕೆ ತಡೆದು ನಿಂತಳು, ನೀವು ಯಾವ ಚಲನೆಯನ್ನು ಕೈಬಿಟ್ಟಿರಿ ಎಂಬುದನ್ನು ತಾಲೀಮು ಮುಗಿದ ರಾತ್ರಿಯೇ ಬರೆದಿಡಿ. ಕೈಬಿಟ್ಟದ್ದೇ ಎಷ್ಟೋ ಬಾರಿ ಹೆಚ್ಚು ಹೇಳುತ್ತದೆ. ಮಾರ್ಗದರ್ಶಕರನ್ನು ಎಡವುತ್ತಿರುವ ತಾಲೀಮಿಗೂ ಸಂಕೋಚವಿಲ್ಲದೆ ಕರೆಯಿರಿ. ನಟರ ಮಾತು, ಚಿತ್ರಗಳನ್ನು ಬಳಸಲು ಲಿಖಿತ ಒಪ್ಪಿಗೆಯನ್ನು ಮೊದಲೇ ಪಡೆಯಿರಿ.