ಹಾಸನದಲ್ಲಿ ಸಿಗಾರ್ ಬಾಕ್ಸ್ ಎಲ್ಲಿ ಸಿಗುತ್ತೆ? ಮರಗೆಲಸ ಬರದವರು ಮೊದಲ ಗಿಟಾರ್ ಮಾಡೋದು ಹೇಗೆ, ಮೂರು ತಂತಿಯೋ ನಾಲ್ಕೋ?

ಮೂರು ತಂತಿ. ಇನ್ನು ಪೆಟ್ಟಿಗೆ ಹುಡುಕೋದನ್ನು ಇವತ್ತೇ ಬಿಟ್ಟುಬಿಡಿ. ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ ನಿಜ, ಆದರೆ ಅದು ಸಿಗರೇಟಿಗೆ ಹೋಗುವ ಎಲೆ. ಅಮೆರಿಕದಲ್ಲಿ 19ನೇ ಶತಮಾನದ ಜನ ಸಿಗಾರ್ ಪೆಟ್ಟಿಗೆಗೆ ತಂತಿ ಕಟ್ಟಿದ್ದು ಅದು ಕೈಗೆ ಸುಲಭವಾಗಿ ಸಿಗುತ್ತಿತ್ತು ಅಂತ. ನಿಮ್ಮ ಕೈಗೆ ಸಿಗೋದು ಡ್ರೈಫ್ರೂಟ್ಸ್ ತುಂಬಿ ಕೊಡುವ ಮರದ ಡಬ್ಬಿ. ಅದೂ ಇಲ್ಲದಿದ್ದರೆ 4 ಮಿ.ಮೀ. ಪ್ಲೈವುಡ್‌ನಲ್ಲಿ ನೀವೇ ಒಂದು ಹೊಡೆದುಕೊಳ್ಳಿ. 9 ಇಂಚು ಉದ್ದ, 7 ಇಂಚು ಅಗಲ, 2 ಇಂಚು ಆಳ ಇದ್ದರೆ ಸಾಕು. ಮುಚ್ಚಳ ಮಾತ್ರ 4 ಮಿ.ಮೀ.ಗಿಂತ ದಪ್ಪ ಬೇಡ, ದಪ್ಪ ಹಲಗೆ ಅಲುಗುವುದಿಲ್ಲ, ಅಲುಗದಿದ್ದರೆ ಸದ್ದೂ ಇಲ್ಲ.

ವಾದ್ಯ ಕೆಡೋದು ನೆಕ್‌ನಲ್ಲಿ, ಅಂದರೆ ತಂತಿ ಹಾದುಹೋಗುವ ಉದ್ದನೆಯ ಮರದಲ್ಲಿ. ಮೂರು ತಂತಿ ಬಿಗಿದಾಗ ಸುಮಾರು 30ರಿಂದ 40 ಕೆ.ಜಿ. ಎಳೆತ ಬೀಳುತ್ತದೆ. ಹಸಿ ಮರವಾದರೆ ನೆಕ್ ಬಿಲ್ಲಿನ ಹಾಗೆ ಬಾಗುತ್ತದೆ. ಚಿಕ್ಕಮಗಳೂರು, ಸಕಲೇಶಪುರದ ಕಡೆಯವರಿಗೆ ಮೊದಲು ಕಣ್ಣಿಗೆ ಬೀಳೋದು ತೋಟದ ಸಿಲ್ವರ್ ಓಕ್. ಅದು ಪೆಟ್ಟಿಗೆಗೆ ಆದೀತು, ನೆಕ್‌ಗೆ ಬೇಡ. ಆಚಾರ್ರ ಹತ್ತಿರ ತೇಗದ ತುಂಡು ಕೇಳಿ, ಇಲ್ಲವೇ ಹಳೇ ಕಿಟಕಿ, ಬಾಗಿಲಿನ ಚೌಕಟ್ಟಿನ ಮರ ನೋಡಿ; ವರ್ಷಗಟ್ಟಲೆ ಒಣಗಿದ್ದು, ಬಾಗೋದಿದ್ದರೆ ಆಗಲೇ ಬಾಗಿರುತ್ತದೆ. ವೀಣೆಗೆ ಬಳಸುವ ಹಲಸೂ ಒಳ್ಳೆಯದೇ, ಒಣಗಿರಬೇಕು ಅಷ್ಟೆ. ತುಂಡನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿ. ಮರದ ಗೆರೆಗಳು ಈ ತುದಿಯಿಂದ ಆ ತುದಿಗೆ ನೇರ ಹೋಗಬೇಕು. ಪಕ್ಕಕ್ಕೆ ಜಾರಿ ಹೊರಗೆ ಹೋಗಿದ್ದರೆ ಆ ತುಂಡು ಬೇಡ.

36 ಇಂಚು ಉದ್ದ, ಒಂದೂವರೆ ಇಂಚು ಅಗಲ, ಮುಕ್ಕಾಲು ಇಂಚು ದಪ್ಪಕ್ಕೆ ಪ್ಲೇನಿಂಗ್ ಹೊಡೆಸಿಕೊಳ್ಳಿ. ಲೆಕ್ಕ ಹೀಗೆ: ತಲೆಗೆ 6 ಇಂಚು, ಅಲ್ಲಿಂದ ಪೆಟ್ಟಿಗೆಯವರೆಗೆ 20, ಪೆಟ್ಟಿಗೆಯೊಳಗೆ 9, ಬಾಲಕ್ಕೆ 1. ತಲೆ ಮುಗಿಯುವಲ್ಲಿ ನಟ್, ಅಲ್ಲಿಂದ ಸರಿಯಾಗಿ 25 ಇಂಚಿಗೆ, ಪೆಟ್ಟಿಗೆಯ ಮೇಲೆ, ಬ್ರಿಡ್ಜ್; ಎರಡೂ ತಂತಿಯನ್ನು ಎತ್ತಿ ಹಿಡಿಯುವ ಅಡ್ಡತುಂಡುಗಳು. ನೆಕ್ ಪೆಟ್ಟಿಗೆಯ ಎರಡೂ ಗೋಡೆಗಳನ್ನು ದಾಟಿ ಹೋಗಬೇಕು. ಗೋಡೆಗಳಲ್ಲಿ ಕಚ್ಚು ಹಾಕುವಾಗ ಒಂದು ಕೂದಲೆಳೆ ಕಡಿಮೆಯೇ ಕತ್ತರಿಸಿ, ಆಮೇಲೆ ಅರ ಹಾಕಿ ಕೂರಿಸಿ. ಸಡಿಲ ಕಚ್ಚನ್ನು ಫೆವಿಕಾಲ್ ಸರಿಮಾಡುವುದಿಲ್ಲ.

ಹೊಸಬರು ಮರೆಯುವ ಕೆಲಸ ಒಂದಿದೆ. ಮುಚ್ಚಳದ ಅಡಿ ಬರುವ ನೆಕ್‌ನ ಭಾಗವನ್ನು, ಗೋಡೆಗೆ ತಾಗುವ ಎರಡು ತುದಿ ಬಿಟ್ಟು, 3 ಮಿ.ಮೀ. ಕೆತ್ತಿ ತಗ್ಗಿಸಬೇಕು. ತಗ್ಗಿಸದಿದ್ದರೆ ಮುಚ್ಚಳ ಮರಕ್ಕೆ ಅಂಟಿಕೊಂಡು ಸ್ವರ ಸತ್ತುಹೋಗುತ್ತದೆ. ಪೆಟ್ಟಿಗೆ ಒಳ್ಳೆಯದಿದ್ದೂ ಗಿಟಾರ್ ಮೂಕ ಅನ್ನಿಸಿದರೆ ಮೊದಲು ಇದನ್ನೇ ಅನುಮಾನಿಸಿ.

ತಲೆಯ ಭಾಗವನ್ನು ಮೇಲಿನಿಂದ ಕೊರೆದು 12 ಮಿ.ಮೀ. ದಪ್ಪಕ್ಕೆ ಇಳಿಸಿ. ಆಗ ತಂತಿ ನಟ್ ದಾಟಿ ಕೆಳಕ್ಕೆ ಇಳಿದು ನಟ್ ಮೇಲೆ ಒತ್ತಿ ಕೂರುತ್ತದೆ. ಇಳಿಜಾರು ಸಾಲದಿದ್ದರೆ ತಂತಿ ಜರ್ರ್ ಅನ್ನುತ್ತದೆ. ಉಳಿದ 20 ಇಂಚಿನ ಮೇಲೆ 6 ಮಿ.ಮೀ. ದಪ್ಪದ ಮರದ ಪಟ್ಟಿ ಅಂಟಿಸಿ, ಕ್ಲಾಂಪ್ ಹಾಕಿ ಒಂದು ದಿನ ಮುಟ್ಟಬೇಡಿ. ಮಳೆಗಾಲದಲ್ಲಿ ಎರಡು ದಿನ. ಎರಡು ಮರ ಸೇರಿದರೆ ಬಾಗುವುದೂ ಕಡಿಮೆ.

ತಂತಿ ಬಿಗಿಯುವ ಕೀಲಿ, ಅಂದರೆ ಟ್ಯೂನರ್, ಆನ್‌ಲೈನ್‌ನಲ್ಲಿ ಆರರ ಸೆಟ್ ಬರುತ್ತದೆ, ಮೂರು ಸಾಕು. ತಲೆಯ ಒಂದು ಪಕ್ಕ ಎರಡು, ಇನ್ನೊಂದು ಪಕ್ಕ ಒಂದು. ಕೈಗೆ ಬರುವ ಮೊದಲು ತೂತು ಹಾಕಬೇಡಿ, ಒಂದೊಂದರ ಅಳತೆ ಒಂದೊಂದು ಥರ. ನಟ್‌ಗೂ ಬ್ರಿಡ್ಜ್‌ಗೂ ಬೋಲ್ಟ್ ನಡೆಯುತ್ತದೆ: ನಟ್‌ಗೆ 6 ಮಿ.ಮೀ.ದು. ಬ್ರಿಡ್ಜ್‌ದು ಸ್ವಲ್ಪ ದಪ್ಪ, ಅಡಿಗೆ ಮರದ ತುಂಡು ಇಟ್ಟು ಎತ್ತರಿಸಿ. ನಟ್ ಉರುಳದ ಹಾಗೆ ಮರದಲ್ಲಿ ಅಡ್ಡಕ್ಕೆ ಸಣ್ಣ ಕಚ್ಚು ಕೊರೆಯಿರಿ. ಬ್ರಿಡ್ಜ್ ಅಂಟಿಸಬೇಡಿ, ತಂತಿಯ ಒತ್ತಡಕ್ಕೇ ನಿಲ್ಲುತ್ತದೆ. ಬಾಲದಲ್ಲಿ 12 ಮಿ.ಮೀ. ಅಂತರದಲ್ಲಿ ಮೂರು 2 ಮಿ.ಮೀ. ತೂತು, ಅಡಿಯಲ್ಲಿ ಒಂದೊಂದು ವಾಷರ್. ವಾಷರ್ ಇಲ್ಲದಿದ್ದರೆ ತಂತಿಯ ಗುಂಡು ಮರದೊಳಕ್ಕೆ ಇಳಿದು ಶ್ರುತಿ ದಿನಾ ಜಾರುತ್ತದೆ.

ಮಾಮೂಲಿ ಅಕೂಸ್ಟಿಕ್ ಗಿಟಾರ್ ಸೆಟ್‌ನ 5, 4, 3ನೇ ತಂತಿ ತೆಗೆದುಕೊಳ್ಳಿ. 5ನೆಯದನ್ನು ಎ ಸ್ವರದಿಂದ ಜಿ ಗೆ ಇಳಿಸಿ, ಉಳಿದೆರಡು ಇದ್ದ ಹಾಗೇ ಡಿ, ಜಿ. ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಸ, ಪ, ಮೇಲಿನ ಸ.

ಮೊದಲನೆಯದಕ್ಕೆ ಫ್ರೆಟ್, ಅಂದರೆ ಸ್ವರಸ್ಥಾನದ ಲೋಹದ ಪಟ್ಟಿ, ಹೊಡೆಯಲೇಬೇಡಿ ಅನ್ನೋದು ನನ್ನ ಅಭಿಪ್ರಾಯ. ಗೆರೆ ಎಳೆದು ಗಾಜಿನ ಸಣ್ಣ ಬಾಟಲಿಯನ್ನು ತಂತಿ ಮೇಲೆ ಜಾರಿಸಿ ನುಡಿಸಿ. ಗೆರೆಗಳು ನಟ್‌ನಿಂದ: 3ನೆಯದು 101, 5ನೆಯದು 159.3, 7ನೆಯದು 211.2, 12ನೆಯದು 317.5 ಮಿ.ಮೀ. ಉಳಿದವಕ್ಕೆ ಬಾಕಿ ಉದ್ದವನ್ನು 17.817ರಿಂದ ಭಾಗಿಸುತ್ತಾ, ಬಂದದ್ದನ್ನು ಹಿಂದಿನ ಗೆರೆಯ ಅಳತೆಗೆ ಕೂಡುತ್ತಾ ಹೋಗಿ, ಮೊದಲನೆಯದು 35.6 ಬರುತ್ತದೆ. ಪ್ರತಿ ಸಲವೂ ನಟ್‌ನಿಂದಲೇ ಅಳೆಯಿರಿ. ಹಿಂದಿನ ಗೆರೆಯಿಂದ ಅಳೆದರೆ ಅರ್ಧರ್ಧ ಮಿ.ಮೀ. ತಪ್ಪು ಕೂಡಿಕೊಂಡು 12ರ ಹೊತ್ತಿಗೆ ಅಪಸ್ವರ. ಮುಂದೆ ಫ್ರೆಟ್ ಹೊಡೆಯುವಾಗ ನೆನಪಿಡಿ: ಹ್ಯಾಕ್ಸಾ ಬ್ಲೇಡಿನ ಹಲ್ಲು ಆಚೀಚೆ ಚಾಚಿರುತ್ತವೆ, ಕಚ್ಚು ಅಗಲವಾಗಿ ಫ್ರೆಟ್ ಎದ್ದು ಬರುತ್ತದೆ. ಬ್ಲೇಡಿನ ಎರಡೂ ಪಕ್ಕ ಸಾಣೆಕಲ್ಲಿಗೆ ಉಜ್ಜಿ ಹಲ್ಲು ಸಮ ಮಾಡಿಕೊಂಡು ಕೊರೆಯಿರಿ. ಆಗ 12ನೇ ಫ್ರೆಟ್ ಒತ್ತಿದ ಸ್ವರ ಖಾಲಿ ತಂತಿಯ ಮೇಲಿನ ಸ್ಥಾಯಿಗಿಂತ ಏರಿದ್ದರೆ ಬ್ರಿಡ್ಜನ್ನು ಬಾಲದ ಕಡೆಗೆ ತಳ್ಳಿ, ಇಳಿದಿದ್ದರೆ ಮುಂದಕ್ಕೆ.

ಆಂಪ್ಲಿಫೈಯರ್ ಬೇಕಾದರೆ ಮುಚ್ಚಳ ಮುಚ್ಚುವ ಮೊದಲೇ 27 ಮಿ.ಮೀ. ಪೀಜೋ ಡಿಸ್ಕ್ (ಅದುರನ್ನು ವಿದ್ಯುತ್ತಾಗಿಸುವ ಬಿಲ್ಲೆ) ಮುಚ್ಚಳದ ಒಳಗೆ ಅಂಟಿಸಿ, ಕೆಂಪು ವೈರು ಆಂಪ್ಲಿಫೈಯರ್ ಕೇಬಲ್ ಚುಚ್ಚುವ ಜ್ಯಾಕಿನ ತುದಿಗೆ, ಕಪ್ಪು ಅದರ ಬಾಡಿಗೆ. ಕೀರಲು ಸದ್ದು ಬಂದರೆ ಡಿಸ್ಕನ್ನು ಬ್ರಿಡ್ಜ್‌ನಿಂದ ಒಂದೆರಡು ಇಂಚು ದೂರ ಸರಿಸಿ. ಅದಕ್ಕೇ ಮುಚ್ಚಳಕ್ಕೆ ಅಂಟು ಬೇಡ, ಸಣ್ಣ ಸ್ಕ್ರೂ ಹಾಕಿ.